ಹೀರೋ ಬಿಟ್ಟು ಬೇರೆ ಯಾರನ್ನಾದರೂ ಕೇಳಿ

"ಕಪ್ಪು-ಬಿಳುಪು ಕಾಲದ ಹಾಲಿವುಡ್ ಸಿನಿಮಾಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು? ಒಂದೇ ಒಂದು ಹೇಳಿ."

ಮದುವೆ ಮನೆಯಲ್ಲಿ ಕೇಳುತ್ತಾರೆ, ಆಫೀಸಿನ ಲಿಫ್ಟ್‌ನಲ್ಲಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಡಬಲ್ ಇಂಡೆಮ್ನಿಟಿ. 1944. ನಿರ್ದೇಶಕ ಬಿಲ್ಲಿ ವೈಲ್ಡರ್. ಆಯಿತಾ? ಇನ್ನು ಹೊರಡಬಹುದು.

ಹೊರಡುವುದಿಲ್ಲ ಅಂತ ಗೊತ್ತು. "ಕಾಸಾಬ್ಲಾಂಕಾ ಅಲ್ವಾ?" ಅಲ್ಲ. "ಸಿಟಿಜನ್ ಕೇನ್?" ಅದೂ ಅಲ್ಲ. ಉತ್ತರ ನಿಮ್ಮ ಹತ್ತಿರವೇ ಇದ್ದರೆ ನನ್ನನ್ನು ಯಾಕೆ ಕೇಳಿದಿರಿ? ಕೇನ್ ಮೇಲೆ ನನಗೆ ಬೇಕಾದಷ್ಟು ಗೌರವ ಇದೆ. ಬರೀ ಗೌರವ ಇರುವವರ ಮನೆಗೆ ಯಾರೂ ವಾರ ವಾರ ಹೋಗುವುದಿಲ್ಲ.

ಕೆಲವರಿಗೆ ಕನಿಕರ. "ಪಾಪ, ಆಗ ಕಲರ್ ಇರಲಿಲ್ಲ." ಇತ್ತು ಸ್ವಾಮಿ! ಗಾನ್ ವಿತ್ ದ ವಿಂಡ್ ಬಂದದ್ದು 1939ರಲ್ಲಿ, ತೆರೆ ತುಂಬಾ ಬಣ್ಣ. 1966ರ ಸಿನಿಮಾಗಳವರೆಗೂ ಆಸ್ಕರ್‌ನಲ್ಲಿ ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಪ್ರತ್ಯೇಕ ಪ್ರಶಸ್ತಿ ಇತ್ತು. ಕಲರ್ ದುಬಾರಿ, ನಿಜ. ಆದರೆ ಡಬಲ್ ಇಂಡೆಮ್ನಿಟಿಯಲ್ಲಿ ಕಿಟಕಿ ಪರದೆಯ ಪಟ್ಟಿ ಪಟ್ಟಿ ನೆರಳು ಕೊಲೆಗಾರನ ಕೋಟಿನ ಮೇಲೆ ಬೀಳುವ ಹಾಗೆ ಛಾಯಾಗ್ರಾಹಕ ಜಾನ್ ಸೈಟ್ಸ್ ಬೆಳಕು ಇಟ್ಟಿದ್ದಾರಲ್ಲ, ಅದು ದುಡ್ಡಿಲ್ಲದೆ ಮಾಡಿದ ಕೆಲಸವಲ್ಲ.

ಒಂದೇ ಒಂದು ಸಲ ಈ ಪ್ರಶ್ನೆ ಸರಿಯಾದ ದಾರಿ ಹಿಡಿಯಿತು. ಒಂದು ನಾಮಕರಣದ ಊಟ. ಪಕ್ಕದ ಎಲೆಯಲ್ಲಿ ನಮ್ಮ ಭಾವ. ಅವರು ಇನ್ಶೂರೆನ್ಸ್ ಏಜೆಂಟ್. ಇಂಗ್ಲಿಷ್ ಸಿನಿಮಾ ಅಂದರೆ ಹಡಗು ಮುಳುಗಬೇಕು, ಇಲ್ಲ ಡೈನೋಸಾರ್ ಓಡಬೇಕು. ಸುಮ್ನೆ ಮಾತಿಗೆ ಕೇಳಿದರು. ನಾನೂ ಸುಮ್ನೆ ಕಥೆ ಹೇಳಿದೆ. ಒಬ್ಬ ಏಜೆಂಟ್, ಒಬ್ಬಳು ಹೆಂಗಸು. ಅವಳ ಗಂಡನಿಗೇ ಗೊತ್ತಾಗದ ಹಾಗೆ ಅವನ ಹೆಸರಲ್ಲಿ ಅಪಘಾತ ಪಾಲಿಸಿ. ರೈಲಿನ ಅಪಘಾತದಲ್ಲಿ ಸತ್ತರೆ ದುಡ್ಡು ಎರಡರಷ್ಟು. ಇಬ್ಬರೂ ಸೇರಿ ಅವನನ್ನು ಕೊಂದು, ರೈಲಿನಿಂದ ಬಿದ್ದ ಹಾಗೆ ತೋರಿಸುತ್ತಾರೆ.

ಭಾವ ಅನ್ನ ಕಲಸುವುದು ನಿಲ್ಲಿಸಿದರು. "ಪಾಲಿಸಿ ಮಾಡಿಸಿ ಎಷ್ಟು ದಿನಕ್ಕೆ ಸತ್ತ?"

"ಸ್ವಲ್ಪ ದಿನಕ್ಕೇ."

"ಹಂಗಾದ್ರೆ ತನಿಖೆ ಆಗೇ ಆಗುತ್ತೆ ಕಣೋ."

ಪಾಲಿಸಿ ಆದಮೇಲೆ, ಸಾಯುವುದಕ್ಕೆ ಮುಂಚೆ, ಗಂಡನಿಗೆ ಕಾಲು ಮುರಿದಿತ್ತು, ಆದರೂ ಕ್ಲೇಮ್ ಹಾಕಿರಲಿಲ್ಲ ಅಂತ ಹೇಳಿದೆ. ಭಾವ ಎಲೆ ಪಕ್ಕ ಕೈ ಬಡಿದರು. "ಅಲ್ಲೇ ಸಿಕ್ಕಿಬಿದ್ರು! ಪಾಲಿಸಿ ಇರೋದು ಅವನಿಗೆ ಗೊತ್ತೇ ಇಲ್ಲ! ಇದನ್ನ ಹಿಡಿದವನು ಯಾರು?"

ಅಬ್ಬಾ. ಹೀರೋ ಯಾರು ಅಂತ ಕೇಳಲಿಲ್ಲ, ಕಲರಾ ಅಂತಲೂ ಕೇಳಲಿಲ್ಲ. ಹಿಡಿದವನು ಯಾರು ಅಂತ ಕೇಳಿದರು.

ಹಿಡಿದವನು ಕೀಸ್. ಕಂಪನಿಯ ಕ್ಲೇಮ್ ಮ್ಯಾನೇಜರ್. ಪಾತ್ರ ಮಾಡಿದ್ದು ಎಡ್ವರ್ಡ್ ಜಿ. ರಾಬಿನ್ಸನ್. ಕುಳ್ಳಗೆ, ದಪ್ಪಗೆ, ಬಾಯಲ್ಲಿ ಸಿಗಾರ್, ಹಚ್ಚಲು ಕಡ್ಡಿ ಮಾತ್ರ ಯಾವತ್ತೂ ಇಲ್ಲ. ಸುಳ್ಳು ಕ್ಲೇಮ್ ಬಂದರೆ ಅವನ ಎದೆಯೊಳಗೊಬ್ಬ ಪುಟ್ಟ ಮನುಷ್ಯ ಎದ್ದು ಕೂರುತ್ತಾನೆ, ಆಮೇಲೆ ಊಟ ಸೇರುವುದಿಲ್ಲ. ಮದುವೆ ಆಗಬೇಕಿದ್ದ ಹುಡುಗಿಯ ಮೇಲೂ ತನಿಖೆ ಮಾಡಿಸಿ ಸಂಬಂಧ ಮುರಿದುಕೊಂಡವನು. ಇದು ಆತ್ಮಹತ್ಯೆ, ದುಡ್ಡು ಕೊಡಬೇಕಿಲ್ಲ ಅಂತ ಕಂಪನಿಯ ದೊಡ್ಡ ಸಾಹೇಬ ವಾದಿಸುತ್ತಾನೆ. ಆಗ ಕೀಸ್ ಅಂಕಿಅಂಶದ ಪಟ್ಟಿ ಶುರು ಮಾಡುತ್ತಾನೆ. ಆತ್ಮಹತ್ಯೆಯ ಬಗ್ಗೆ ಹತ್ತು ಸಂಪುಟ ಇವೆ, ಜನಾಂಗವಾರು, ಕೆಲಸವಾರು, ವಿಷದ ಬಗೆವಾರು. ಅಷ್ಟರಲ್ಲೂ ಓಡುವ ರೈಲಿನ ಹಿಂಬದಿಯಿಂದ ಹಾರಿದವನು ಒಬ್ಬನೂ ಇಲ್ಲ! ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನನಗೆ ಆ ಸಿನಿಮಾ ಅಂದರೆ ಆ ಮಾತೇ. ಆ ಹೆಂಗಸಾಗಿ ಬಾರ್ಬರಾ ಸ್ಟ್ಯಾನ್ವಿಕ್, ಏಜೆಂಟ್ ಆಗಿ ಫ್ರೆಡ್ ಮೆಕ್‌ಮರ್ರೆ, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ನಾನು ಕಾಯುವುದು ಕೀಸ್ ಯಾವಾಗ ಬಾಗಿಲು ತೆಗೆದು ಬರುತ್ತಾನೆ ಅಂತ.

ಈ ಸಿನಿಮಾಕ್ಕೆ ಆಸ್ಕರ್‌ನಲ್ಲಿ ಏಳು ನಾಮನಿರ್ದೇಶನ ಬಂತು, ಒಂದೂ ಪ್ರಶಸ್ತಿ ಬರಲಿಲ್ಲ. ಆ ಏಳರಲ್ಲಿ ರಾಬಿನ್ಸನ್ ಹೆಸರೇ ಇಲ್ಲ. ಇಡೀ ಜೀವನದಲ್ಲಿ ಒಂದು ಸಲವೂ ನಾಮನಿರ್ದೇಶನ ಆಗಲಿಲ್ಲ. 1973ರಲ್ಲಿ ಗೌರವ ಆಸ್ಕರ್ ಕೊಟ್ಟರು. ಸಮಾರಂಭದ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಆದ್ದರಿಂದ ದಯವಿಟ್ಟು ಪ್ರಶ್ನೆ ಬದಲಾಯಿಸಿ. ನೀನು ಯಾವ ಪೋಷಕ ಪಾತ್ರಕ್ಕೆ ಕಾಯುತ್ತೀಯಾ ಅಂತ ಕೇಳಿ, ಒಂದು ಗಂಟೆ ಕೂತು ಹೇಳುತ್ತೇನೆ. ಕಾಸಾಬ್ಲಾಂಕಾ ಕೂಡ ನೋಡುತ್ತೇನೆ, ಕ್ಲಾಡ್ ರೇನ್ಸ್‌ಗಾಗಿ. ಆ ಲಂಚಕೋರ ಪೊಲೀಸ್ ಅಧಿಕಾರಿ ಇಲ್ಲದಿದ್ದರೆ ಮಿಕ್ಕ ತ್ಯಾಗವೆಲ್ಲ ಸ್ವಲ್ಪ ಜಾಸ್ತಿಯೇ ಸಿಹಿ. ರೇನ್ಸ್‌ಗೆ ನಾಲ್ಕು ನಾಮನಿರ್ದೇಶನ, ಪ್ರಶಸ್ತಿ ಸೊನ್ನೆ.

ನಟಿ ತೆಲ್ಮಾ ರಿಟ್ಟರ್‌ಗೆ ಆರು. ಅದೂ ಸೊನ್ನೆ. 1953ರ ಪಿಕಪ್ ಆನ್ ಸೌತ್ ಸ್ಟ್ರೀಟ್‌ನಲ್ಲಿ ಆಕೆ ಮೋ. ನ್ಯೂಯಾರ್ಕ್‌ನ ಬೀದಿಯಲ್ಲಿ ಟೈ ಮಾರುತ್ತಾಳೆ, ಪೊಲೀಸರಿಗೆ ಸುದ್ದಿಯನ್ನೂ ಮಾರುತ್ತಾಳೆ. ಅನಾಥ ಹೆಣಗಳ ಜೊತೆ ಹೂಳಿಬಿಡುತ್ತಾರೆ ಅನ್ನುವ ಭಯಕ್ಕೆ ತನ್ನ ಸಮಾಧಿಗೆ ತಾನೇ ದುಡ್ಡು ಕೂಡಿಡುತ್ತಿದ್ದಾಳೆ. ಕೊನೆಗೆ ಬಂದೂಕು ಹಿಡಿದವನೊಬ್ಬ ಅವಳ ಕೋಣೆಗೇ ಬರುತ್ತಾನೆ. ಅವನಿಗೆ ಬೇಕಾದ ವಿಳಾಸವನ್ನು ಮಾತ್ರ ಅವಳು ಮಾರುವುದಿಲ್ಲ. ಬೇಡಿಕೊಳ್ಳುವುದೂ ಇಲ್ಲ. ನನಗೆ ಸುಸ್ತಾಗಿದೆ ಅನ್ನುತ್ತಾಳೆ, ಅಷ್ಟೇ.

ಆ ಸಿನಿಮಾಕ್ಕೆ ಹೀರೋ ಕೂಡ ಇದ್ದಾನೆ. ರಿಚರ್ಡ್ ವಿಡ್‌ಮಾರ್ಕ್. ಕೇಳಿದರೆ ನಾನು ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳಬೇಕು.