ಕೋಡಿಬಾಗದ ಉಪ್ಪು ಗಾಳಿ ಮತ್ತು ನಮ್ಮ ಮನೆ ಎಸಿ: ಐದು ತಿಂಗಳ ಕೆಲಸ

ಫೆಬ್ರುವರಿ, ಎರಡನೇ ಭಾನುವಾರ

ಔಟ್‌ಡೋರ್ ಯೂನಿಟ್‌ಗೆ ಹೊಸ ಕಾಯಿಲ್ ಹಾಕಿಸಿ ಇವತ್ತಿಗೆ ಎಂಟು ದಿನ. ಹಳೆಯದು ಮೂರೂವರೆ ವರ್ಷಕ್ಕೇ ತೂತಾಗಿ ಗ್ಯಾಸೆಲ್ಲ ಹೋಗಿತ್ತು. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ನಿಜಕ್ಕೂ ಬೇಜಾರಾಯಿತು. ಕಾಯಿಲ್ ಮೇಲಿನ ತೆಳು ಹಾಳೆಗಳಾದ ಅಲ್ಯೂಮಿನಿಯಂ ಫಿನ್‌ಗಳು ಬೆರಳು ತಾಗಿದರೆ ಸಾಕು, ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರುತ್ತಿದ್ದವು. ಒಳಗೆ ತಾಮ್ರದ ಕೊಳವೆ ಮೇಲೆ ಹಸಿರು ಕಿಲುಬು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವ ಕಡೆ ಉಪ್ಪಿನ ತೇವ ಕೂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರಾದ ಹಾಗೆ, ಅಲ್ಯೂಮಿನಿಯಂ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಿಂದ ಕಡಲಿಗೆ ಐದು ನಿಮಿಷದ ನಡಿಗೆ.

ವರ್ಷಕ್ಕೊಮ್ಮೆ ತಪ್ಪದೆ ಸರ್ವಿಸ್ ಮಾಡಿಸುತ್ತಿದ್ದೆ. ಘಟ್ಟದ ಮೇಲಿನವರಿಗೆ ಅಷ್ಟು ಸಾಕಾಗಬಹುದು, ಕಾರವಾರದಲ್ಲಿ ಸಾಲದು. ಹಾಗಾಗಿ ಈ ಸಲ ತಿಂಗಳು ತಿಂಗಳು ನಾನೇ ನೋಡಿಕೊಂಡು ಬರೆದಿಡುತ್ತೇನೆ.

ಇವತ್ತು ಮಾಡಿದ ಕೆಲಸ ಒಂದೇ. ಯೂನಿಟ್ ಮೇಲಿದ್ದ ತಗಡಿನ ಮಾಡು ತೆಗೆಸಿದೆ. ಮಳೆ ತಾಗದಿರಲಿ ಅಂತ ಹಾಕಿಸಿದ್ದು. ಆದರೆ ಈ ಯೂನಿಟ್ ಮಳೆಯಲ್ಲಿ ನಿಲ್ಲಲಿಕ್ಕೆಂದೇ ಮಾಡಿದ್ದು ಅಲ್ವಾ. ಮಾಡಿನ ಅಡಿ ಇದ್ದರೆ ಗಾಳಿ ಉಪ್ಪು ತಂದು ಹಾಕುತ್ತಲೇ ಇರುತ್ತದೆ, ತೊಳೆಯುವ ಮಳೆ ಮಾತ್ರ ತಾಗುವುದಿಲ್ಲ. ಗೇಟಿನಲ್ಲೂ ಇದನ್ನೇ ನೋಡಿದೆ, ಮಳೆ ಬೀಳುವ ಮೇಲ್ಭಾಗಕ್ಕಿಂತ ಸಜ್ಜಾದ ಅಡಿಯ ಭಾಗಕ್ಕೇ ತುಕ್ಕು ಜಾಸ್ತಿ.

ಮಾರ್ಚ್, ಮೊದಲ ವಾರ

ಒಳಗಿನ ಯೂನಿಟ್. ಫಿಲ್ಟರ್ ತೊಳೆಯುವುದು ಹತ್ತು ನಿಮಿಷದ ಕೆಲಸ, ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ.

ಹೊತ್ತು ಹಿಡಿದದ್ದು ಡ್ರೇನ್ ಪೈಪ್. ಗೋಡೆ ಮೇಲೆ ನೀರಿನ ಗೆರೆ ಕಾಣಲಿಕ್ಕೆ ಶುರುವಾಗಿ ಒಂದು ವಾರವಾಗಿತ್ತು. ಹೊರಗಿನ ತುದಿಯಿಂದ ಊದಿದೆ, ಗಾಳಿ ಹೋಗಲಿಲ್ಲ. ಪಂಪಿನಲ್ಲಿ ನೀರು ಒತ್ತಿದ ಮೇಲೆ ಹೊರಬಿತ್ತು ನೋಡಿ, ಗೇಣುದ್ದದ ಕಂದು ಲೋಳೆ, ಕಡಲ ಪಾಚಿಯ ಹಾಗೆ ಜಾರುತ್ತಿತ್ತು. ಕತ್ತಲು, ತೇವ, ಧೂಳು ಮೂರೂ ಸೇರಿದರೆ ಅದು ಬೆಳೆಯದೆ ಇರುತ್ತದಾ? ಪೈಪ್ ಒಂದು ಕಡೆ ಹೊಟ್ಟೆ ಬಿಟ್ಟು ಜೋತಿತ್ತು, ನೀರು ಅಲ್ಲೇ ನಿಲ್ಲುತ್ತಿತ್ತು. ಎರಡು ಕ್ಲಾಂಪ್ ಹೊಡೆದು ಉದ್ದಕ್ಕೂ ಇಳಿಜಾರು ಮಾಡಿದೆ. ಗೋಡೆ ಈಗ ಒಣಗಿದೆ.

ಮಾರ್ಚ್, ಶಿರಸಿಯಿಂದ ಬಂದ ಮೇಲೆ

ಮಾರಿಕಾಂಬಾ ಜಾತ್ರೆಗೆ ಅಕ್ಕನ ಮನೆಗೆ ಹೋಗಿದ್ದೆವು. ಅಲ್ಲಿ ಎಸಿ ಇಲ್ಲ, ಬೇಕೂ ಇಲ್ಲ. ಅಲ್ಲಿಯದು ಬಿಸಿ ಮಾಡುವ ಕಡೆಯ ಕೆಲಸ, ಬಚ್ಚಲೊಲೆ. ಭಾವ ಹಂಡೆಯ ತಳದಿಂದ ಮಸಿ ಹೆರೆಯುತ್ತಿದ್ದರು, ನಾನೂ ಕೈ ಹಾಕಿದೆ. ಮಸಿ ದಪ್ಪ ಕಟ್ಟಿದರೆ ಬೆಂಕಿಯ ಕಾವು ನೀರಿಗೆ ದಾಟುವುದಿಲ್ಲ, ಅಡಿಕೆ ಸಿಪ್ಪೆ ಎಷ್ಟು ತುಂಬಿದರೂ ನೀರು ಬೇಗ ಕಾಯುವುದಿಲ್ಲ. ಕಾಯಿಲ್ ಮೇಲಿನ ಧೂಳೂ ಮಾಡುವುದು ಇದನ್ನೇ.

ಉಪ್ಪು ತೊಳೆಯಲಿಕ್ಕೆ ಸ್ಪ್ರೇ ಪಂಪ್ ಕೊಳ್ಳಬೇಕು ಅಂದೆ. "ಹೊಸದು ಎಂತಕ್ಕೆ ಮಾರಾಯಾ, ಇದನ್ನೇ ತಗಂಡು ಹೋಗು" ಅಂತ ಭಾವ ತೋಟದ ಪಂಪ್ ತಂದಿಟ್ಟರು. ಮನಸ್ಸಿದ್ದರೂ ತರಲಿಲ್ಲ. ಅದರಲ್ಲಿ ವರ್ಷಾನುಗಟ್ಟಲೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆದಿದ್ದಾರೆ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತ ಅಂದರೆ ತಾಮ್ರ. ತಳದಲ್ಲಿ ಉಳಿದ ಚೂರೇ ಚೂರು ತಾಮ್ರ ಅಲ್ಯೂಮಿನಿಯಂ ಮೇಲೆ ಬಿದ್ದರೂ ತೂತು ಶುರು. ವಿವರಿಸಿದ ಮೇಲೆ ಭಾವನೂ ಒಪ್ಪಿದರು. ಐದು ಲೀಟರಿನ ಹೊಸ ಪಂಪ್ ತಂದೆ.

ಏಪ್ರಿಲ್, ಕೊನೇ ವಾರ

ಇಲ್ಲೊಂದು ತೊಡಕು ಬಂತು. ನಮ್ಮ ಬಾವಿ ನೀರು ಏಪ್ರಿಲ್ ದಾಟಿದರೆ ಉಪ್ಪಾಗುತ್ತದೆ, ಕಾಳಿ ನದಿ ಕಡಲು ಸೇರುವ ಜಾಗ ಹತ್ತಿರವೇ ಇದೆ. ಉಪ್ಪು ತೊಳೆಯಲಿಕ್ಕೆ ಉಪ್ಪು ನೀರು ಹೊಡೆದು ಏನು ಪ್ರಯೋಜನ? ಕುಡಿಯುವ ನೀರನ್ನು ಇದಕ್ಕೆ ಖರ್ಚು ಮಾಡಲು ಮನಸ್ಸು ಒಪ್ಪುವುದಿಲ್ಲ.

ಉಪಾಯ ಸಿಕ್ಕಿದ್ದು ಆಯಿಯಿಂದ. ಡ್ರೇನ್ ಪೈಪಿನ ಕೆಳಗೆ ಕೊಡಪಾನ ಇಟ್ಟು ಗಿಡಕ್ಕೆ ಹಾಕುತ್ತಿದ್ದರು. ಒಂದು ರಾತ್ರಿಗೆ ಎಷ್ಟು ಅಂತ ಅಳೆದೆ, ಎಂಟು ತಾಸಿಗೆ 9 ಲೀಟರ್! ಗಾಳಿಯಲ್ಲಿದ್ದ ತೇವವೇ ತಣ್ಣನೆ ಕಾಯಿಲ್ ಮೇಲೆ ಹನಿಗಟ್ಟಿ ಇಳಿದದ್ದು, ಅದರಲ್ಲಿ ಉಪ್ಪು ಎಲ್ಲಿಂದ ಬರಬೇಕು? ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆ. ಬಾವಿ ನೀರು 1,400ರ ಮೇಲೆ, ಇದು 30 ಕೂಡ ಇಲ್ಲ. ಕುಡಿಯುವ ಹಾಗಿಲ್ಲ, ಧೂಳು ಲೋಳೆ ಸೇರಿರುತ್ತದೆ. ತೊಳೆಯಲಿಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ನೀರು ಬೇಡ.

ಬಟ್ಟೆಯಲ್ಲಿ ಸೋಸಿ ಪಂಪಿಗೆ ತುಂಬಿಸಿದೆ. ಕರೆಂಟ್ ತೆಗೆಯುವ ಸ್ವಿಚ್ (ಎಂಸಿಬಿ) ಇಳಿಸಿ ಹದಿನೈದು ನಿಮಿಷ ಬಿಟ್ಟು, ಯೂನಿಟ್ಟಿನ ಹಿಂದಿನಿಂದ ಮತ್ತು ಪಕ್ಕದಿಂದ, ಮೇಲಿಂದ ಕೆಳಕ್ಕೆ ನಿಧಾನವಾಗಿ ಹೊಡೆದೆ. ಜೋರಾಗಿ ಹೊಡೆದರೆ ಫಿನ್ ಮಡಚಿಕೊಂಡು ಗಾಳಿಯೇ ಆಡುವುದಿಲ್ಲ. ಮುಚ್ಚಳ ಬಿಚ್ಚಲಿಲ್ಲ, ದಯವಿಟ್ಟು ನೀವೂ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಕೆಳಗೆ ಇಳಿದ ನೀರನ್ನು ಬೋಗುಣಿಯಲ್ಲಿ ಹಿಡಿದು ಮೀಟರ್ ಇಟ್ಟೆ. ಮೊದಲ ಬೋಗುಣಿ 900 ದಾಟಿತ್ತು. ಮೂರನೆಯದು 80. ಕಪ್ಪು ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಬಿಳಿ ಗುರುತು ಕಾಣಲಿಲ್ಲ. ಅಷ್ಟು ಖುಷಿ ಆಯಿತು.

ಮೇ, ಮೂರನೇ ವಾರ

ಸೆಖೆ ತಡೆಯಲಿಕ್ಕಾಗುವುದಿಲ್ಲ. ಫೆಬ್ರುವರಿಯಿಂದ ಒಳಗಿನ ಕಾಯಿಲ್‌ಗೆ ಬ್ರಷ್ ಆಗಿರಲಿಲ್ಲ, ಇವತ್ತು ಮಾಡಿದೆ. ಮೊದಲು ರೂಮಿನ ಗಾಳಿ 29 ಡಿಗ್ರಿ ಇದ್ದಾಗ ಎಸಿಯಿಂದ ಬರುವ ಗಾಳಿ 20 ಇತ್ತು, ಬ್ರಷ್ ಮಾಡಿದ ಮೇಲೆ ಅದೇ 29ಕ್ಕೆ 17. ಸೆಟ್ಟಿಂಗ್ 24ರಲ್ಲೇ ಇದೆ. 2020ರಿಂದ ನಮ್ಮ ದೇಶದ ಸ್ಟಾರ್ ಲೇಬಲ್ ಎಸಿಗಳು ಆನ್ ಮಾಡಿದ ಕೂಡಲೇ 24ಕ್ಕೇ ಬರಬೇಕು ಅಂತ ನಿಯಮ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ನಮ್ಮ ಕರಾವಳಿಯಲ್ಲಿ 24 ಸಾಕು, ಇಲ್ಲಿ ಕಾಡುವುದು ಬಿಸಿಗಿಂತ ಜಾಸ್ತಿ ತೇವ. ಎಸಿ ಹುಟ್ಟಿದ್ದೂ ಅದಕ್ಕೇ. 1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತಿತ್ತು, ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ವಿಲಿಸ್ ಕ್ಯಾರಿಯರ್ ಗಾಳಿಯ ತೇವ ಹತೋಟಿಗೆ ತರುವ ಯಂತ್ರ ರೂಪಿಸಿದರು. ದಿನಾ ಕೊಡಪಾನ ತುಂಬುವಾಗ ಅದು ನೆನಪಾಗುತ್ತದೆ.

ಜೂನ್, ಎರಡನೇ ವಾರ

ಮಳೆ ಹಿಡಿದಿದೆ. ಪಕ್ಕದ ಮನೆಯವರು ಔಟ್‌ಡೋರ್ ಯೂನಿಟ್‌ಗೆ ಪ್ಲಾಸ್ಟಿಕ್ ಸುತ್ತುತ್ತಿದ್ದರು, ಓಡಿ ಹೋಗಿ ಬೇಡ ಅಂದೆ. ಒಳಗೆ ತೇವ ಸಿಕ್ಕಿಕೊಂಡರೆ ನಾಲ್ಕು ತಿಂಗಳೂ ಆರುವುದಿಲ್ಲ. ನಮ್ಮದು ತಗಡಿಲ್ಲದೆ ಮಳೆಯಲ್ಲೇ ನಿಂತಿದೆ. ನಿನ್ನೆ ಕೆಳಗೆ ಇಳಿಯುವ ನೀರು ಹಿಡಿದು ನೋಡಿದೆ, ಮೀಟರ್ 40 ತೋರಿಸಿತು. ಫಿನ್ ಇನ್ನೂ ಹೊಸದರ ಹಾಗೆ ನೀಲಿ ಇದೆ, ಒಂದು ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಬಿಳಿ ಚುಕ್ಕೆ. ಫೋಟೋ ತೆಗೆದಿಟ್ಟಿದ್ದೇನೆ.

ಒಳಗೆ ಬೂಷ್ಟು ಹಿಡಿಯದಿರಲಿ ಅಂತ ವಾರಕ್ಕೊಮ್ಮೆ ಒಂದು ತಾಸು ಡ್ರೈ ಮೋಡ್, ಆಮೇಲೆ ಅರ್ಧ ತಾಸು ಬರೀ ಫ್ಯಾನ್. ಪಂಪ್ ತೊಳೆದು ಕಪಾಟಿನ ಮೇಲಿಟ್ಟೆ. ಮಳೆ ನಿಂತು ಗಾಳಿ ಮತ್ತೆ ಒಣಗಿದ ಕೂಡಲೇ, ಅಂದರೆ ಅಕ್ಟೋಬರ್‌ನಲ್ಲಿ, ಆ ಬಿಳಿ ಚುಕ್ಕೆಯ ಮೂಲೆಯಿಂದಲೇ ಶುರು ಮಾಡುತ್ತೇನೆ.