ಸಮತಟ್ಟು ಕಾಡಿನಲ್ಲಿ ಮೇಪಲ್ ರಸಕ್ಕೊಂದು ದಾರಿ

ಮೇಪಲ್ ಮರದ ರಸವನ್ನು ಕುದಿಸಿ ಮಾಡುವ ಸಿಹಿ ಪಾಕ, ಮೇಪಲ್ ಸಿರಪ್ ಎಂದೊಡನೆ ಕೆನಡಾದಲ್ಲಿ ಎಲ್ಲರೂ ಕ್ವಿಬೆಕ್ ಪ್ರಾಂತ್ಯದ ಹೆಸರೆತ್ತುತ್ತಾರೆ. ಜಗತ್ತಿನ ಸಿರಪ್‌ನಲ್ಲಿ ಶೇ. 70ರಷ್ಟು ಅಲ್ಲಿಯದೇ ಆದ್ದರಿಂದ ಅದು ಸಹಜ. ಆದರೆ ನಾವಿರುವ ಒಂಟಾರಿಯೊದ ವಾಟರ್‌ಲೂ ಸುತ್ತಲಿನ ರೈತರೂ ಹೊಲಗಳ ನಡುವೆ ತುಂಡು ಕಾಡುಗಳನ್ನು ಉಳಿಸಿಕೊಂಡಿದ್ದಾರೆ. ಮಾರ್ಚ್ ಹತ್ತಿರವಾದರೆ ರಸಕ್ಕಾಗಿ ಮರಗಳಿಗೆ ತೂತು ಕೊರೆಯಲು ಬೈರಿಗೆ ಹಿಡಿದು ಹೊರಡುತ್ತಾರೆ. ಪಕ್ಕದ ಎಲ್ಮೈರಾದಲ್ಲಿ 1965ರಿಂದ ಸಿರಪ್ ಹಬ್ಬ ನಡೆಯುತ್ತಿದೆ.

ನಮ್ಮ ಪರಿಚಯದ ಹಿರಿಯ ರೈತರೊಬ್ಬರ ಕಾಡಿನಲ್ಲಿ ಕೊಳವೆ ಎಳೆಯುವ ಕೆಲಸಕ್ಕೆ ನಾನೂ ಕೈಜೋಡಿಸುತ್ತೇನೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ನಾಲ್ಕೈದು ಡಿಗ್ರಿ ಬಿಸುಪು ಸಿಕ್ಕರೆ ಮರ ತಾನಾಗಿ ರಸ ಬಿಡುತ್ತದೆ. ಅದನ್ನು ಟ್ಯಾಂಕಿನವರೆಗೆ ನಡೆಸುವುದೇ ಕಷ್ಟ. ಮಲೆನಾಡಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಅಂಗಳಕ್ಕೆ ಇಳಿಯುವುದನ್ನು ನೋಡಿ ಬೆಳೆದವನಿಗೆ ಇಳಿಜಾರು ಎಂದರೆ ನೆಲವೇ ಕೊಡುವ ಸೌಕರ್ಯ. ಈ ಕಾಡಿನ ನೆಲ ಏನನ್ನೂ ಕೊಡುವುದಿಲ್ಲ.

ಹಾಗಾಗಿ ಇಳಿಜಾರನ್ನು ನಮ್ಮ ಕೈಯೆತ್ತರದಿಂದಲೇ ಗಿಟ್ಟಿಸಬೇಕು. ದೂರದ ಮರದಲ್ಲಿ ಕೈಗೆಟುಕುವ ಆರೂವರೆ ಅಡಿ ಎತ್ತರಕ್ಕೆ ಕೊಳವೆ ಕಟ್ಟಿದೆವು ಎನ್ನೋಣ. ಟ್ಯಾಂಕಿನ ಬಾಯಿ ನೆಲದಿಂದ ಎರಡೂವರೆ ಅಡಿ. ನಡುವೆ ಉಳಿಯುವುದು ನಾಲ್ಕೇ ಅಡಿ. ನೂರು ಅಡಿಗೆ ಎರಡು ಅಡಿ ಇಳಿತ ಬೇಕು ಎಂಬ ಲೆಕ್ಕದಲ್ಲಿ ಇನ್ನೂರು ಅಡಿ ಉದ್ದಕ್ಕೇ ನಮ್ಮ ಬಂಡವಾಳ ಮುಗಿಯಿತು. ಟ್ಯಾಂಕನ್ನು ಗುಂಡಿಯಲ್ಲಿ ಇಳಿಸಿದರೆ ಇನ್ನಷ್ಟು ದೂರ ಹೋಗಬಹುದು. ಆದರೆ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ನಾಟುವುದಿಲ್ಲ. ಆ ಕೆಲಸ ಹಿಂದಿನ ಶರತ್ಕಾಲದಲ್ಲೇ ಆಗಿರಬೇಕು.

ಕಣ್ಣಳತೆಯನ್ನು ಇಲ್ಲಿ ನಂಬುವಂತಿಲ್ಲ. ಹಿಮದ ದಿಬ್ಬಗಳ ನಡುವೆ ಏರು ಇಳಿಜಾರಿನಂತೆ ಕಾಣುತ್ತದೆ. ಅದಕ್ಕೇ ಮೊದಲು ನೂಲು ಕಟ್ಟಿ, ನಡುವೆ ಬೆರಳುದ್ದದ ರಸಮಟ್ಟವನ್ನು (ಸ್ಪಿರಿಟ್ ಲೆವೆಲ್) ತೂಗುಹಾಕುತ್ತೇವೆ. ಗುಳ್ಳೆ ನಡುಗೆರೆಗೆ ಬಂದಾಗ ಪ್ರತಿ ಮರಕ್ಕೂ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಅಲ್ಲಿಂದ ಎಷ್ಟು ಇಂಚು ಕೆಳಗೆ ಕೊಳವೆ ಹಾಯಬೇಕೆಂದು ಅಳೆಯುತ್ತೇವೆ. ಆಮೇಲೆ ಕೊಳವೆಯನ್ನು ಒಂದು ಮರದ ಎಡಕ್ಕೆ, ಮುಂದಿನದರ ಬಲಕ್ಕೆ ಹಾಯಿಸಿ ಬಿಗಿಯಾಗಿ ಎಳೆಯುವುದು. ಆ ಬಿಗಿತವೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಮೊಳೆ ಬೇಡ. ಎಲ್ಲಾದರೂ ಜೋಲು ಬಿದ್ದರೆ ರಸ ಅಲ್ಲೇ ನಿಲ್ಲುತ್ತದೆ. ಚಳಿಯಲ್ಲಿ ಗಡ್ಡೆಕಟ್ಟಿ ದಾರಿ ಮುಚ್ಚುತ್ತದೆ, ಬಿಸಿಲೇರಿದರೆ ಹುಳಿಯುತ್ತದೆ.

ಸಣ್ಣ ಕೊಳವೆ ಹಾಕಿದರೆ ಅದೇ ರಸವನ್ನು ಎಳೆದುಕೊಳ್ಳುತ್ತದೆ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. 3/16 ಇಂಚಿನ ಕೊಳವೆಯಲ್ಲಿ ರಸದ ತೂಕವೇ ನಿರ್ವಾತ ಹುಟ್ಟಿಸುವುದು ನಿಜ. ಆದರೆ ಒಂದು ಅಡಿ ಇಳಿತಕ್ಕೆ ಸಿಗುವುದು, ನಿರ್ವಾತ ಅಳೆಯುವ ಲೆಕ್ಕದಲ್ಲಿ, ಪಾದರಸದ ಸುಮಾರು 0.9 ಇಂಚು ಮಾತ್ರ. ಮೂವತ್ತು ನಲವತ್ತು ಅಡಿ ಇಳಿಯುವ ಗುಡ್ಡದವರಿಗೆ ಅದು ವರ. ನಾಲ್ಕು ಅಡಿಯವರಿಗೆ ಹೆಚ್ಚೆಂದರೆ ಮೂರೂವರೆ ಇಂಚು. ಅಷ್ಟಕ್ಕಾಗಿ ಬೇಗ ಕಟ್ಟಿಕೊಳ್ಳುವ ಕೊಳವೆಯನ್ನು ಯಾಕೆ ಸಾಕಬೇಕು? 5/16 ಇಂಚಿನದೇ ವಾಸಿ. ಪ್ರತಿ ಮರದ ತೂತಿನಿಂದ ಮುಖ್ಯ ಕೊಳವೆಗೆ ಇಳಿಯುವ ತುಂಡನ್ನು ಎರಡೂವರೆ ಅಡಿಗಿಂತ ಕಡಿಮೆ ಮಾಡಬಾರದು. ಮುಂದಿನ ವರ್ಷ ಹಳೆಯ ಗಾಯದಿಂದ ದೂರ ಕೊರೆಯಬೇಕಲ್ಲ!

ಇನ್ನು ಅಳಿಲುಗಳು. ಸಿಹಿಯ ರುಚಿ ಹತ್ತಿದ ಹಲ್ಲಿಗೆ ಪ್ಲಾಸ್ಟಿಕ್ ಯಾವ ಲೆಕ್ಕ? ಬೆಳಗಿನ ಸುತ್ತಾಟಕ್ಕೆ ಕತ್ತರಿ, ಜೋಡಿಸುವ ತುಂಡುಗಳು ಜೇಬಿನಲ್ಲಿರಲೇಬೇಕು.

ರೈತರ ಮೊಮ್ಮಗನಿಗೆ 12 ವೋಲ್ಟ್‌ನ ಸಣ್ಣ ಪಂಪ್ ತರುವ ಹುಮ್ಮಸ್ಸು. ಪಂಪ್ ಎಳೆದರೆ ರಸ ಹೆಚ್ಚು ಬರುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಒಂದು ಲೀಟರ್ ಸಿರಪ್‌ಗೆ ನಲವತ್ತು ಲೀಟರ್ ರಸ ಕುದಿಸಬೇಕು. ಹೆಚ್ಚಾದ ರಸಕ್ಕೆಲ್ಲ ಸೌದೆ ಒಡೆಯುವವರು ನಾನು ಮತ್ತು ಅವನ ಅಜ್ಜ. ಕಾಡನ್ನು ನಾಲ್ಕು ಪಾಲು ಮಾಡಿ, ಪಾಲಿಗೊಂದು ಡ್ರಮ್ ಇಟ್ಟು, ಗಿಡ್ಡ ಕೊಳವೆಗಳಲ್ಲೇ ಮುಗಿಸೋಣ ಎಂಬುದು ನನ್ನ ವಾದ. ಅಜ್ಜ ಇನ್ನೂ ಯಾವ ಪಕ್ಷಕ್ಕೂ ಸೇರಿಲ್ಲ.