ಹೊರಗೆ ಗಡಸು, ಒಳಗೆ ತಾಳಿಕೆ: ಕಾರ್ಬೈಡ್ ಬಟನ್ ಕೆಲಸ ಎಲ್ಲಿಗೆ ಬಂತು

ಚಿತ್ರದುರ್ಗದ ಸುತ್ತ ಬೋರ್‌ವೆಲ್ ಕೊರೆಯುವವರಿಗೆ ಬಿಟ್‌ನ (ಕೊರೆಯುವ ತಲೆಯ) ಬಟನ್‌ಗಳ, ಅಂದರೆ ಬಂಡೆಗೆ ಬಡಿಯುವ ಗಟ್ಟಿ ಗುಬಟುಗಳ ಬಗ್ಗೆ ಎರಡೇ ದೂರು: ಒಂದೋ ಬೇಗ ಸವೆಯುತ್ತವೆ, ಇಲ್ಲವೇ ಫಟ್ಟನೆ ಒಡೆಯುತ್ತವೆ. ಟಂಗ್‌ಸ್ಟನ್ ಕಾರ್ಬೈಡ್ ಹರಳುಗಳನ್ನು ಕೋಬಾಲ್ಟ್ ಹಿಡಿದಿಟ್ಟಿರುವ ವಸ್ತುವಿನಿಂದ ಆದವು ಈ ಬಟನ್‌ಗಳು. ಕೋಬಾಲ್ಟ್ ಕಡಿಮೆಯಾದಷ್ಟೂ ಗಡಸು, ಹೆಚ್ಚಿದಷ್ಟೂ ಪೆಟ್ಟು ತಾಳುವ ಶಕ್ತಿ. ಒಂದೇ ಬಟನ್‌ನ ಮೇಲ್ಮೈಗೆ ಕಡಿಮೆ, ಒಡಲಿಗೆ ಹೆಚ್ಚು ಕೋಬಾಲ್ಟ್ ಸಿಗುವಂತೆ ಮಾಡುವುದೇ ನನ್ನ ಕೆಲಸ.

ಶೇ. 6 ಮತ್ತು ಶೇ. 12 ಕೋಬಾಲ್ಟ್ ಪುಡಿಗಳನ್ನು ಪದರವಾಗಿ ಒತ್ತಿ 1400 ಡಿಗ್ರಿಯಲ್ಲಿ ಸಿಂಟರ್ ಮಾಡಿದ (ಕಾಯಿಸಿ ಗಟ್ಟಿಯಾಗಿ ಬೆಸೆದ) ತುಂಡನ್ನು ಕತ್ತರಿಸಿ ನೋಡಿದೆ. ಪದರಗಳ ನಡುವಿನ ಗಡಿಯೇ ಅಳಿಸಿಹೋಗಿದೆ. ಶುದ್ಧ ಕೋಬಾಲ್ಟ್ ಕರಗುವುದು 1495 ಡಿಗ್ರಿಗೆ; ಟಂಗ್‌ಸ್ಟನ್, ಇಂಗಾಲ ಬೆರೆತರೆ 1300ರ ಆಸುಪಾಸಿನಲ್ಲೇ ದ್ರವವಾಗುತ್ತದೆ. ಆ ದ್ರವ ಹರಳುಗಳ ಸಂದಿಯಲ್ಲಿ ಹರಿದು ಎಲ್ಲೆಡೆ ಸಮನಾಗುತ್ತದೆ. ಸಣ್ಣ ಹರಳಿರುವ ಕಡೆಗೆ ದ್ರವ ಹೆಚ್ಚು ಎಳೆಯಲ್ಪಡುವುದರಿಂದ, ಗಡಸಿಗೆಂದು ಮೇಲ್ಮೈಗೆ ಸಣ್ಣ ಹರಳು ಕೊಟ್ಟರೆ ಕೋಬಾಲ್ಟ್ ಅಲ್ಲಿಗೇ ಸೇರುತ್ತದೆ. ನನಗೆ ಬೇಕಾದದ್ದು ಅದರ ತದ್ವಿರುದ್ಧ.

ಆದ್ದರಿಂದ ಈಗ ಇಂಗಾಲದ ದಾರಿ. ಇಂಗಾಲ ತುಸು ಕಡಿಮೆಯಿರುವ ಒಂದೇ ಮಿಶ್ರಣವನ್ನು ಪೂರ್ತಿ ಸಿಂಟರ್ ಮಾಡಿ, ಘನ ಕೋಬಾಲ್ಟ್ ಮತ್ತು ದ್ರವ ಕೋಬಾಲ್ಟ್ ಜೊತೆಯಾಗಿರುವ 1300ರ ಸುಮಾರಿನ ಉಷ್ಣತೆಯಲ್ಲಿ ಮೀಥೇನ್ ಬೆರೆಸಿದ ಹೈಡ್ರೋಜನ್ ಹಾಯಿಸುವುದು. ಇಂಗಾಲ ಹೊಕ್ಕ ಮೇಲ್ಮೈಯಲ್ಲಿ ದ್ರವದ ಪಾಲು ಏರುತ್ತದೆ, ಸಮತೋಲ ತಪ್ಪುತ್ತದೆ, ಹೆಚ್ಚಾದ ದ್ರವ ಒಳಕ್ಕೆ ಸರಿಯುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಬೆಳೆಸಿದ ಈ ವಿಧಾನ ನನಗೆ ಬಹಳ ಹಿಡಿಸಿದೆ. ಇದರಲ್ಲಿ ಈಟಾ ಹಂತದ, ಅಂದರೆ ಇಂಗಾಲ ತೀರಾ ಸಾಲದಾದಾಗ ಹುಟ್ಟುವ ಪೆಡಸಾದ ಸಂಯುಕ್ತದ ಹಂಗಿಲ್ಲ.

ಕುಲುಮೆಗೆ ಬೆಂಗಳೂರೇ ಗತಿ. ಪುಡಿ ಒತ್ತುವುದು, ಕತ್ತರಿಸುವುದು, ಉಜ್ಜುವುದು ಇಲ್ಲೇ. ಕೋಬಾಲ್ಟ್ ಬೆರೆತ ಕಾರ್ಬೈಡ್ ದೂಳು ಶ್ವಾಸಕೋಶಕ್ಕೆ ಕೆಡುಕು, ಮುಖಗವಸು ಇಲ್ಲದೆ ಮುಟ್ಟುವಂತಿಲ್ಲ.

ಹೀಗೆ ಮೀಥೇನ್ ಹಾಯಿಸಿದ ತುಂಡಿನ ಅಡ್ಡಕೊಯ್ತವನ್ನು ವಜ್ರದ ಪೇಸ್ಟ್‌ನಲ್ಲಿ ಉಜ್ಜಿ, ಹಂತಗಳನ್ನು ಬಣ್ಣದಿಂದ ಬೇರ್ಪಡಿಸಿ ತೋರಿಸುವ ಮುರಕಾಮಿ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿದೆ. ಈಟಾ ಇದ್ದಿದ್ದರೆ ಕಪ್ಪಾಗುತ್ತಿತ್ತು, ಎಲ್ಲೂ ಕಪ್ಪಿಲ್ಲ. ಬಳಿಕ ಅಂಚಿನಿಂದ ಒಳಕ್ಕೆ ಸಾಲಾಗಿ ವಿಕರ್ಸ್ ಗುರುತು (ಗಡಸು ಅಳೆಯಲು ವಜ್ರದ ಮೊನೆಯಿಂದ ಮೂಡಿಸುವ ಗುಳಿ; ಚಿಕ್ಕದಾದಷ್ಟೂ ಗಡಸು) ಒತ್ತಿದೆ. ಅಂಚಿನ ಗುರುತು ಚಿಕ್ಕದು, ನಾಲ್ಕೂ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟಿದೆ. ಒಳಗೆ ಹೋದಂತೆ ಗುರುತು ಹಿಗ್ಗುತ್ತದೆ, ಬಿರುಕು ಮೊಟಕಾಗುತ್ತದೆ. ಬೇಕಾಗಿದ್ದ ಇಳಿಜಾರು ಇದೇ!

ಆದರೆ ಗಡಸು ಪದರ ಇನ್ನೂ ತೆಳು, ಬಂಡೆಗೆ ಸಾಲದು. ಮೀಥೇನ್ ಹೆಚ್ಚಿಸಿದರೆ ಮೇಲ್ಮೈಯಲ್ಲಿ ಗ್ರಾಫೈಟ್ ಉಳಿದು ಅಲ್ಲೇ ಬಲ ಕುಂದುತ್ತದೆ. ಅದಕ್ಕೇ ಮುಂದಿನ ಸುತ್ತಿನಲ್ಲಿ ಅನಿಲ, ಉಷ್ಣತೆ ಎರಡನ್ನೂ ಬದಲಿಸದೆ ಅವಧಿಯನ್ನಷ್ಟೇ ಹೆಚ್ಚಿಸುತ್ತೇನೆ. ಚಪ್ಪಟೆ ತುಂಡಿನ ಜೊತೆಗೆ ಗುಂಡುತಲೆಯ ಬಟನ್ ಒಂದನ್ನೂ ಇಡುತ್ತೇನೆ.